ಕನಿಷ್ಠ ವೇತನದ ಬಾಕಿ ಪಡೆಯುವುದು ಹೇಗೆ: ಕೆಲಸಗಾರರ ಜೊತೆ ನಿಲ್ಲುವವರಿಗೆ ಕೈಪಿಡಿ

ಕಡಿಮೆ ಕೂಲಿ ಸಿಗುತ್ತಿರುವವರಿಗೆ ನೆರವಾಗಲು ಹೊರಟವರು ಮೊದಲು ಮಾಡುವ ತಪ್ಪು ಎಂದರೆ ಗುತ್ತಿಗೆದಾರನಿಗೆ ಫೋನ್ ಮಾಡುವುದು. ಆ ಫೋನ್ ಹೋಗಿ ಒಂದು ವಾರದೊಳಗೆ ಹಾಜರಿ ಪುಸ್ತಕ ಹೊಸದಾಗುತ್ತದೆ, ಗೇಟಿನ ರಿಜಿಸ್ಟರ್ ಕಾಣೆಯಾಗುತ್ತದೆ, ಕೆಲಸಗಾರರಿಗೆ 'ನಾಳೆಯಿಂದ ಬರಬೇಡಿ' ಎಂಬ ಮಾತು ಬರುತ್ತದೆ. ಆದ್ದರಿಂದ ಮೊದಲು ಲೆಕ್ಕ, ಆಮೇಲೆ ದಾಖಲೆ, ಅದಾದ ಮೇಲೆ ಅರ್ಜಿ. ಮಾತುಕತೆ ಏನಿದ್ದರೂ ಅರ್ಜಿಗೆ ಮುದ್ರೆ ಬಿದ್ದ ಮೇಲೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನ ಸೆಕ್ಯೂರಿಟಿಯವರಿಗಾಗಲಿ, ತಾಲ್ಲೂಕು ಆಸ್ಪತ್ರೆಯ ಹೊರಗುತ್ತಿಗೆ ಸ್ವಚ್ಛತಾ ಸಿಬ್ಬಂದಿಗಾಗಲಿ, ಗಾರ್ಮೆಂಟ್ಸ್ ಹೆಲ್ಪರ್‌ಗಳಿಗಾಗಲಿ ಈ ಕ್ರಮ ಬದಲಾಗುವುದಿಲ್ಲ.

ಈಗ ಯಾವ ಕಾನೂನು

2025ರ ನವೆಂಬರ್ 21ರಿಂದ 2019ರ ವೇತನ ಸಂಹಿತೆ ಜಾರಿಯಲ್ಲಿದೆ. 1948ರ ಕನಿಷ್ಠ ವೇತನ ಕಾಯ್ದೆ, 1936ರ ವೇತನ ಪಾವತಿ ಕಾಯ್ದೆ, 1965ರ ಬೋನಸ್ ಕಾಯ್ದೆ, 1976ರ ಸಮಾನ ವೇತನ ಕಾಯ್ದೆ, ಈ ನಾಲ್ಕೂ ಅದರೊಳಗೆ ಸೇರಿಹೋಗಿವೆ. ಹಳೆ ಕಾಯ್ದೆಯಡಿ ಹೊರಟ ದರದ ಅಧಿಸೂಚನೆಗಳು ಸಂಹಿತೆಗೆ ವಿರುದ್ಧವಾಗದ ಮಟ್ಟಿಗೆ ಊರ್ಜಿತದಲ್ಲೇ ಇರುತ್ತವೆ. 'ಹಳೆ ಕಾಯ್ದೆ ಹೋಯಿತು, ಆ ದರವೂ ಹೋಯಿತು' ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕೆಲಸಗಾರರ ಪಾಲಿಗೆ ದೊಡ್ಡ ಬದಲಾವಣೆ ವಾಯಿದೆಯಲ್ಲಿ ಆಗಿದೆ. ಹಿಂದೆ ಬಾಕಿ ಕೇಳಲು ಆರು ತಿಂಗಳಷ್ಟೇ ಅವಕಾಶವಿತ್ತು, ಈಗ ಮೂರು ವರ್ಷ. ಸಕಾರಣ ತೋರಿಸಿದರೆ ಅದು ಮೀರಿದ ಅರ್ಜಿಯನ್ನೂ ಬಾಕಿಯ ಅರ್ಜಿ ವಿಚಾರಿಸುವ ಪ್ರಾಧಿಕಾರ ತೆಗೆದುಕೊಳ್ಳಬಹುದು. 2025ರ ನವೆಂಬರ್‌ಗಿಂತ ಹಿಂದಿನ ತಿಂಗಳುಗಳೂ ನಿಮ್ಮ ಲೆಕ್ಕದಲ್ಲಿದ್ದರೆ ವಿಳಂಬ ಮನ್ನಿಸುವ ಕೋರಿಕೆಯನ್ನು ಅರ್ಜಿಯ ಜೊತೆಗೇ ಸಲ್ಲಿಸಿ. ಆ ತಿಂಗಳುಗಳಿಗೆ ಹಳೆಯ ಆರು ತಿಂಗಳೇ ಮಿತಿ ಎಂದು ಎದುರಿನ ವಕೀಲರು ಮೊದಲ ದಿನವೇ ಹಿಡಿಯುವುದು ಈ ಎಳೆಯನ್ನೇ.

ಸರಿಯಾದ ದರ ಹುಡುಕುವುದು

'ಕರ್ನಾಟಕದ ಕನಿಷ್ಠ ವೇತನ ಎಷ್ಟು?' ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ. ಉದ್ದಿಮೆ ಯಾವುದು, ಕೆಲಸ ಯಾವ ದರ್ಜೆಯದು, ಸ್ಥಳ ಯಾವ ವಲಯದಲ್ಲಿದೆ, ಯಾವ ತಿಂಗಳ ಸಂಬಳ ಎಂಬ ನಾಲ್ಕು ಸಂಗತಿ ಗೊತ್ತಾದ ಮೇಲೆಯೇ ದರ ಸಿಗುತ್ತದೆ.

ಉದ್ದಿಮೆಯನ್ನು ಗುತ್ತಿಗೆದಾರನ ಕಂಪನಿಯ ಹೆಸರು ನೋಡಿ ನಿರ್ಧರಿಸಬೇಡಿ. ಕೆಲಸಗಾರರು ದಿನಾ ಎಲ್ಲಿ ಏನು ಮಾಡುತ್ತಾರೆ ಎಂಬುದನ್ನು ನೋಡಿ. ದರ್ಜೆಯಲ್ಲಂತೂ ಮೋಸ ಸಾಮಾನ್ಯ. ಯಂತ್ರ ನಡೆಸುವವರನ್ನು ಕಾಗದದಲ್ಲಿ 'ಹೆಲ್ಪರ್' ಎಂದು ತೋರಿಸಿದರೆ ಕುಶಲ ದರದ ಬದಲು ಅಕುಶಲ ದರ ಕೊಟ್ಟು ಮುಗಿಸಬಹುದು. ಅಧಿಸೂಚನೆಯ ಪಟ್ಟಿಯಲ್ಲಿ ಹುದ್ದೆಗಳ ಹೆಸರಿರುತ್ತದೆ. ಅದನ್ನು ಕೆಲಸಗಾರರ ಮುಂದೆ ಓದಿ, ಯಾವುದು ತಮ್ಮ ಕೆಲಸ ಎಂದು ಅವರೇ ಹೇಳಲಿ. ವಲಯದ ವಿವರ ಅದೇ ಅಧಿಸೂಚನೆಯ ಕೊನೆಯಲ್ಲಿ ಸಿಗುತ್ತದೆ. ಕಂಪನಿಯ ಕಚೇರಿ ಎಲ್ಲಿದೆ ಎಂಬುದು ಇಲ್ಲಿ ಮುಖ್ಯವಲ್ಲ, ಕೆಲಸದ ಜಾಗವೇ ಲೆಕ್ಕ.

ಅಧಿಸೂಚನೆಯಲ್ಲಿ ಎರಡು ಭಾಗಗಳಿರುತ್ತವೆ: ಮೂಲ ವೇತನ, ಮತ್ತು ಬೆಲೆ ಸೂಚ್ಯಂಕ ಏರಿದಂತೆ ಏರುವ ವ್ಯತ್ಯಸ್ಥ ತುಟ್ಟಿಭತ್ಯೆ. ಮೂಲ ವೇತನ ವರ್ಷಗಟ್ಟಲೆ ನಿಂತಲ್ಲೇ ನಿಲ್ಲಬಹುದು, ತುಟ್ಟಿಭತ್ಯೆ ಮಾತ್ರ ರಾಜ್ಯದಲ್ಲಿ ಪ್ರತಿ ಏಪ್ರಿಲ್ 1ರಿಂದ ಪರಿಷ್ಕರಣೆಯಾಗುತ್ತದೆ. ಹಳೆ ಕರಪತ್ರ ಹಿಡಿದು ಲೆಕ್ಕ ಹಾಕಿದವರು ಎಡವುವುದು ಇಲ್ಲೇ. ಮೂರು ವರ್ಷದ ಬಾಕಿ ಕೇಳುವಾಗ ಪ್ರತಿ ಏಪ್ರಿಲ್‌ಗೆ ದರ ಬದಲಿಸುತ್ತಾ ಬರಬೇಕು. 2020ರಲ್ಲಿ ಕೋವಿಡ್ ಕಾರಣ ಕೊಟ್ಟು ರಾಜ್ಯ ಸರ್ಕಾರ ಆ ವರ್ಷದ ತುಟ್ಟಿಭತ್ಯೆಯನ್ನು ಮುಂದೂಡಿತ್ತು. ಕಾರ್ಮಿಕ ಸಂಘಟನೆಗಳು ಹೈಕೋರ್ಟ್‌ಗೆ ಹೋದವು, ಆ ಆದೇಶಕ್ಕೆ ತಡೆ ಬಿತ್ತು. ತಿಂಗಳಿಗೆ ಕೆಲವು ನೂರು ರೂಪಾಯಿಯ ಮಾತು ಎಂದು ತುಟ್ಟಿಭತ್ಯೆಯನ್ನು ಬಿಟ್ಟುಕೊಡಬೇಡಿ. ಬಡವರ ಸಂಬಳ ಬೆಲೆಯೇರಿಕೆಯ ಜೊತೆ ಹೆಜ್ಜೆ ಹಾಕಲು ಇರುವ ಒಂದೇ ದಾರಿ ಅದು.

ಇದರ ಇನ್ನೊಂದು ಮಗ್ಗುಲೂ ಗೊತ್ತಿರಲಿ. ಪೇ ಸ್ಲಿಪ್‌ನಲ್ಲಿ ತುಟ್ಟಿಭತ್ಯೆಯ ಕಾಲಂ ಬೇರೆ ಇಲ್ಲ ಎಂಬುದನ್ನೇ ದೊಡ್ಡ ದೂರು ಮಾಡಿಕೊಂಡರೆ ಪ್ರಯೋಜನವಿಲ್ಲ. ಒಟ್ಟು ವೇತನ ಕನಿಷ್ಠಕ್ಕಿಂತ ಹೆಚ್ಚಿದ್ದರೆ ಅದನ್ನು ಬಿಡಿಬಿಡಿಯಾಗಿ ತೋರಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ, ಕರ್ನಾಟಕದಿಂದಲೇ ಹೋದ ಏರ್‌ಫ್ರೇಟ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ದೂರು ಮೊತ್ತದ ಮೇಲಿರಲಿ. ಓಟಿ (ಹೆಚ್ಚುವರಿ ಗಂಟೆಯ ದುಡಿಮೆ) ಹಣ, ಓಡಾಟದ ಭತ್ಯೆ, ಮಾಲೀಕರ ಪಾಲಿನ ಪಿಎಫ್ (ಭವಿಷ್ಯ ನಿಧಿ), ಇವನ್ನು ಸೇರಿಸಿ 'ಕನಿಷ್ಠ ಮುಟ್ಟಿದೆ' ಎಂದು ತೋರಿಸಿದ್ದರೆ ಅದನ್ನು ಹಿಡಿಯಿರಿ.

ಹನ್ನೆರಡು ಗಂಟೆಯ ಲೆಕ್ಕ

ಅತಿ ಹೆಚ್ಚು ಹಣ ಸೋರಿಹೋಗುವುದು ದರದಲ್ಲಲ್ಲ, ಗಂಟೆಯಲ್ಲಿ. ಒಬ್ಬ ಸೆಕ್ಯೂರಿಟಿ ಗಾರ್ಡ್‌ನ ಲೆಕ್ಕ ನೋಡೋಣ. ಲೆಕ್ಕ ಸುಲಭವಾಗಲಿ ಎಂದು ದಿನದ ದರ 600 ರೂಪಾಯಿ ಎಂದಿಟ್ಟುಕೊಂಡಿದ್ದೇವೆ. ನಿಮ್ಮ ಅಧಿಸೂಚನೆಯ ದರವನ್ನು ಅಲ್ಲಿ ತುಂಬಿಕೊಳ್ಳಿ.

ದಿನಗೂಲಿಯಿಂದ ತಿಂಗಳ ಸಂಬಳಕ್ಕೆ ಬರಲು 26ರಿಂದ ಗುಣಿಸಬೇಕು: 15,600 ರೂಪಾಯಿ. 30ರಿಂದ ಭಾಗಿಸಿ ದಿನದ ದರ ತೆಗೆಯುವುದು ಗುತ್ತಿಗೆದಾರರ ಹಳೆಯ ಅಭ್ಯಾಸ. ಹಾಗೆ ಮಾಡಿದರೆ 600 ರೂಪಾಯಿ 520 ಆಗುತ್ತದೆ. ಇನ್ನು 600 ರೂಪಾಯಿ ಎಂಟು ಗಂಟೆಯ ಕೆಲಸಕ್ಕೆ, ಅಂದರೆ ಗಂಟೆಗೆ 75. ಎಂಟು ಗಂಟೆ ಮೀರಿದರೆ ಓಟಿ. ಅದು ಸಾಮಾನ್ಯ ದರದ ಎರಡು ಪಟ್ಟಿಗೆ ಕಡಿಮೆ ಇರುವಂತಿಲ್ಲ, ಅಂದರೆ ಗಂಟೆಗೆ 150.

ಈ ಗಾರ್ಡ್ ವಾರದ ರಜೆಯೂ ಇಲ್ಲದೆ 30 ದಿನ, ದಿನಕ್ಕೆ 12 ಗಂಟೆ ನಿಂತಿದ್ದಾರೆ. 26 ದಿನದ ಮಾಮೂಲು ಸಂಬಳ 15,600. ಆ 26 ದಿನ ನಾಲ್ಕು ನಾಲ್ಕು ಗಂಟೆಯ ಓಟಿ, 104 ಗಂಟೆಗೆ ಮತ್ತೆ 15,600. ವಾರದ ರಜೆಯ ನಾಲ್ಕು ದಿನ ದುಡಿದ 48 ಗಂಟೆಗೂ ಓಟಿ ದರವೇ, 7,200. ಒಟ್ಟು 38,400 ರೂಪಾಯಿ. ಕೈಗೆ ಬಂದಿರುವುದು 18,000.

ಗುತ್ತಿಗೆದಾರ ಏನು ಹೇಳುತ್ತಾನೆ? 'ಕನಿಷ್ಠ ವೇತನ 15,600, ನಾನು 18,000 ಕೊಡುತ್ತಿದ್ದೇನೆ, ಹೆಚ್ಚೇ ಕೊಟ್ಟಿದ್ದೇನೆ.' ಎಷ್ಟೋ ದೂರುಗಳು ಈ ಒಂದು ವಾಕ್ಯಕ್ಕೆ ಬಿದ್ದುಹೋಗುತ್ತವೆ. 18,000ವನ್ನು ದುಡಿದ 360 ಗಂಟೆಯಿಂದ ಭಾಗಿಸಿ ತೋರಿಸಿ: ಗಂಟೆಗೆ 50 ರೂಪಾಯಿ. ಸಿಗಬೇಕಾದದ್ದು ಮಾಮೂಲು ಗಂಟೆಗೇ 75. ಅರ್ಜಿಯಲ್ಲಿ ಮಾಮೂಲು ಸಂಬಳ, ಓಟಿ, ವಾರದ ರಜೆಯ ಕೆಲಸ, ಈ ಮೂರು ಸಾಲುಗಳನ್ನು ಬೇರೆ ಬೇರೆಯಾಗಿ ಬರೆಯಿರಿ. ಎಲ್ಲವನ್ನೂ 'ಸಂಬಳದ ಬಾಕಿ' ಎಂದು ಒಂದೇ ಮೊತ್ತವಾಗಿ ಬರೆದರೆ, ಓಟಿಗೆ ಪುರಾವೆ ಸಾಲದು ಎಂದು ಅಧಿಕಾರಿಗೆ ಅನ್ನಿಸಿದಾಗ ಉಳಿದದ್ದೂ ಅದರ ಜೊತೆ ಮುಳುಗುತ್ತದೆ.

ತುಂಡುಗೂಲಿಯವರಿಗೂ ರಕ್ಷಣೆ ಇದೆ. ಬೀಡಿಗೆ ಸಾವಿರಕ್ಕೆ ಇಂತಿಷ್ಟು ಎಂದು ದರವಿದ್ದರೆ ಅದು ಸಿಗಬೇಕು. ಸಮಯದ ದರ ಮಾತ್ರ ನಿಗದಿಯಾಗಿರುವ ಕಡೆ ತುಂಡಿನ ಲೆಕ್ಕದಲ್ಲಿ ಕೊಟ್ಟರೂ ಆ ದರಕ್ಕಿಂತ ಕಡಿಮೆ ಆಗುವಂತಿಲ್ಲ.

ಕಡಿತಗಳು

ಪೇ ಸ್ಲಿಪ್ ಕೈಗೆ ಬಂದರೆ ಬಲಬದಿಯ ಕಾಲಂ ಮೊದಲು ನೋಡಿ. ಕೆಲಸಗಾರರಿಂದ ಇಎಸ್‌ಐಗೆ (ಕಾರ್ಮಿಕರ ರಾಜ್ಯ ವಿಮೆಗೆ) ಹಿಡಿಯಬೇಕಾದದ್ದು 0.75 ಶೇಕಡ, ಪಿಎಫ್‌ಗೆ ಸಾಮಾನ್ಯವಾಗಿ 12 ಶೇಕಡ. ಪಿಎಫ್ ಹೆಸರಲ್ಲಿ 24 ಅಥವಾ 25 ಶೇಕಡ ಹಿಡಿದಿದ್ದರೆ ಮಾಲೀಕರ ಪಾಲನ್ನೂ ಕೆಲಸಗಾರರ ಜೇಬಿನಿಂದಲೇ ತೆಗೆದಿದ್ದಾರೆ ಎಂದರ್ಥ. ಅದು ಪೂರ್ತಿ ಕಾನೂನುಬಾಹಿರ. ಯೂನಿಫಾರ್ಮ್ ಮತ್ತು ಬೂಟಿನ ಠೇವಣಿ, ಕೆಲಸ ಕೊಡಿಸಿದ ಕಮಿಷನ್, ಇವು ಅನುಮತಿಸಿದ ಕಡಿತಗಳ ಪಟ್ಟಿಯಲ್ಲಿಲ್ಲ. ಗೈರುಹಾಜರಿಗೆ ಹಿಡಿಯುವ ಹಣ ಗೈರಾದ ಅವಧಿಗೆ ತಕ್ಕಷ್ಟೇ ಇರಬೇಕು, ಹತ್ತು ನಿಮಿಷ ತಡವಾದರೆ ಅರ್ಧ ದಿನ ಕತ್ತರಿಸುವಂತಿಲ್ಲ. ದಂಡ ಹಾಕುವ ಮೊದಲು ಸಮಜಾಯಿಷಿ ಕೇಳಬೇಕು, ಅದೂ ಆ ಅವಧಿಯ ವೇತನದ 3 ಶೇಕಡ ಮೀರಬಾರದು. ಎಲ್ಲ ಕಡಿತ ಸೇರಿ ವೇತನದ ಅರ್ಧ ದಾಟುವಂತಿಲ್ಲ.

ಪೇ ಸ್ಲಿಪ್‌ನಲ್ಲಿ ಕಾಣದ ಕಡಿತವೇ ಎಲ್ಲಕ್ಕಿಂತ ಕ್ರೂರ. ಬ್ಯಾಂಕಿಗೆ ಪೂರ್ತಿ ಸಂಬಳ ಹಾಕಿ, ಮಾರನೇ ದಿನ ಮೂರ್ನಾಲ್ಕು ಸಾವಿರ ನಗದು ವಾಪಸ್ ಕೇಳುವುದು, ಅಥವಾ ಎಟಿಎಂ ಕಾರ್ಡನ್ನೇ ಸೂಪರ್‌ವೈಸರ್ ಇಟ್ಟುಕೊಳ್ಳುವುದು. ಹೊರಗುತ್ತಿಗೆಯ ಕೆಲಸಗಳಲ್ಲಿ ಇದು ಆಗುತ್ತದೆ. ಇಲ್ಲಿ ಬ್ಯಾಂಕ್ ಪಾಸ್‌ಬುಕ್ ಕೆಲಸಗಾರರ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಇದಕ್ಕೆ ಮದ್ದು ಇಷ್ಟು: ಕಾರ್ಡ್ ಬ್ಲಾಕ್ ಮಾಡಿಸಿ ಹೊಸದು ತೆಗೆದುಕೊಳ್ಳುವುದು, ವಾಪಸ್ ಕೇಳಿದವರಿಗೆ ನಗದಿನ ಬದಲು ಯುಪಿಐ ಮೂಲಕವೇ ಕಳಿಸಿ ಗುರುತು ಉಳಿಸುವುದು, ಹಣ ಕೇಳಿದ ವಾಟ್ಸಾಪ್ ಸಂದೇಶ ಅಥವಾ ಧ್ವನಿಮುದ್ರಿಕೆ ಅಳಿಸದೆ ಇಡುವುದು. ಒಂದೇ ದಿನ ಹತ್ತು ಜನ ಒಂದೇ ಮೊತ್ತವನ್ನು ಖಾತೆಯಿಂದ ತೆಗೆದಿದ್ದರೆ ಆ ಹತ್ತೂ ಸ್ಟೇಟ್‌ಮೆಂಟ್ ಒಟ್ಟಿಗೆ ಇಟ್ಟಾಗ ವಿಷಯ ತಾನಾಗಿ ಎದ್ದು ಕಾಣುತ್ತದೆ.

ಯಾವ ದಾಖಲೆ, ಎಷ್ಟು

ಸಂಹಿತೆಯ ಪ್ರಕಾರ 'ವೇತನ ಪೂರ್ತಿ ಕೊಟ್ಟಿದ್ದೇನೆ' ಎಂದು ಸಾಬೀತು ಮಾಡುವ ಹೊಣೆ ಮಾಲೀಕರದು. ಹಾಗಾಗಿ ಅವರು ಹಿಡಿಯುವ ದಾರಿ ಬೇರೆ: 'ಈತ ನಮ್ಮಲ್ಲಿ ಕೆಲಸ ಮಾಡಿಯೇ ಇಲ್ಲ.' ನಿಮ್ಮ ಶ್ರಮವೆಲ್ಲ ಅದನ್ನು ಮುರಿಯುವ ಕಡೆಗಿರಲಿ. ಗುರುತಿನ ಚೀಟಿ, ಇಎಸ್‌ಐ ಕಾರ್ಡ್, ಬ್ಯಾಂಕ್ ಸ್ಟೇಟ್‌ಮೆಂಟ್, ಡ್ಯೂಟಿ ಪಟ್ಟಿ ಹಾಕುವ ವಾಟ್ಸಾಪ್ ಗುಂಪಿನ ಸ್ಕ್ರೀನ್‌ಶಾಟ್, ಯೂನಿಫಾರ್ಮ್‌ನಲ್ಲಿ ಕೆಲಸದ ಜಾಗದಲ್ಲೇ ತೆಗೆದ ಫೋಟೊ ಕೂಡಿಡಿ. ಫೋನಿನಲ್ಲಿರುವುದನ್ನು ಹಾಜರುಪಡಿಸುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಆದ್ದರಿಂದ ಮೂಲ ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ.

ಪಿಎಫ್ ಪಾಸ್‌ಬುಕ್ ಬಹಳ ಜನ ಕಡೆಗಣಿಸುವ ದಾಖಲೆ. ಯುಎಎನ್‌ಗೆ (ಪಿಎಫ್ ಸದಸ್ಯರ ಸಂಖ್ಯೆಗೆ) ಜೋಡಿಸಿದ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಖಾತೆಯಲ್ಲಿರುವ ಮೊತ್ತ ಸಂದೇಶವಾಗಿ ಬರುತ್ತದೆ. ತಿಂಗಳುವಾರು ಪಾಸ್‌ಬುಕ್ ಅನ್ನು ಪಿಎಫ್ ಜಾಲತಾಣದಿಂದ ತೆಗೆಯಬೇಕು. ಅದರಲ್ಲಿ ಮಾಲೀಕರು ಸರ್ಕಾರಕ್ಕೆ ಹೇಳಿದ ವೇತನ ಇರುತ್ತದೆ. ದಿನದ ದರ ಸರಿಯಾಗಿ ತೋರಿಸಿ, ದುಡಿದ ದಿನಗಳನ್ನು 26ರ ಬದಲು 14 ಎಂದು ತೋರಿಸುವುದು ಒಂದು ಹಳೆ ತಂತ್ರ. ವಾಟ್ಸಾಪ್ ಡ್ಯೂಟಿ ಪಟ್ಟಿಯಲ್ಲಿ 26 ದಿನವೂ ಹೆಸರಿದ್ದು ಪಿಎಫ್‌ನಲ್ಲಿ 14 ದಿನದ ವೇತನ ಇದ್ದರೆ ಆ ಎರಡು ಹಾಳೆಗಳೇ ಅರ್ಧ ಕೇಸು.

ದಾಖಲೆ ಏನೂ ಇಲ್ಲದವರು ಇಂದಿನಿಂದಲೇ 40 ಪುಟದ ನೋಟ್‌ಬುಕ್ ಇಡಲಿ: ದಿನಾಂಕ, ಬಂದ ಹೊತ್ತು, ಹೋದ ಹೊತ್ತು, ಆ ದಿನ ಮೇಸ್ತ್ರಿ ಅಥವಾ ಸೂಪರ್‌ವೈಸರ್ ಯಾರು. ಅಂದಂದೇ ಬರೆಯಬೇಕು. ಒಂದೇ ಪೆನ್ನಿನಲ್ಲಿ ಒಂದೇ ಕೂರಿಕೆಯಲ್ಲಿ ತುಂಬಿದ ಪುಸ್ತಕ ಪಾಟೀಸವಾಲಿನಲ್ಲಿ ಎರಡು ನಿಮಿಷ ನಿಲ್ಲುವುದಿಲ್ಲ.

ಸರ್ಕಾರಿ ಕಚೇರಿ, ಆಸ್ಪತ್ರೆ, ಹಾಸ್ಟೆಲ್‌ಗಳ ಹೊರಗುತ್ತಿಗೆಯಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗೆ ಇರಬೇಕು, ಇಲ್ಲವಾದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ಕಾರ್ಯಾದೇಶದ ಪ್ರತಿ, ಏಜೆನ್ಸಿ ಸಲ್ಲಿಸಿದ ತಿಂಗಳ ಬಿಲ್ಲು, ಜೊತೆಗಿಟ್ಟ ಪಿಎಫ್ ಮತ್ತು ಇಎಸ್‌ಐ ಚಲನ್ ಕೇಳಿ. ಇಲಾಖೆ ತಲೆಗೆ ಎಷ್ಟು ಕೊಟ್ಟಿದೆ, ಕೆಲಸಗಾರರ ಕೈಗೆ ಎಷ್ಟು ಬಂದಿದೆ ಎಂಬುದು ಅಲ್ಲೇ ತಿಳಿಯುತ್ತದೆ. ಅರ್ಜಿಯನ್ನು ಕೆಲಸಗಾರರ ಹೆಸರಿನಲ್ಲಿ ಹಾಕಬೇಕಿಲ್ಲ, ನೀವೇ ಹಾಕಿ.

ದೂರು ಬೇರೆ, ಕ್ಲೇಮು ಬೇರೆ

ಇದು ಗೊತ್ತಿಲ್ಲದೆ ವರ್ಷಗಳು ಹಾಳಾಗುತ್ತವೆ. ಕಾರ್ಮಿಕ ನಿರೀಕ್ಷಕರಿಗೆ ಕೊಡುವ ದೂರಿನಿಂದ ತಪಾಸಣೆ ಆಗುತ್ತದೆ. ತಪ್ಪು ಮೊದಲನೆಯದಾದರೆ ಸರಿಪಡಿಸಿಕೊಳ್ಳಲು ಮಾಲೀಕರಿಗೆ ಅವಕಾಶ ಕೊಡಬೇಕು. ಆಮೇಲೂ ಕೊಡದಿದ್ದರೆ 50,000 ರೂಪಾಯಿವರೆಗೆ ದಂಡ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ಮೂರು ತಿಂಗಳವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದರೆ ದಂಡ ಹೋಗುವುದು ಸರ್ಕಾರಕ್ಕೆ. ಬಾಕಿ ಹಣ ಕೆಲಸಗಾರರ ಕೈಗೆ ಬರಬೇಕಾದರೆ ಸಂಹಿತೆಯ 45ನೇ ಕಲಮಿನಡಿ ಪ್ರಾಧಿಕಾರದ ಮುಂದೆ ಕ್ಲೇಮು ಅರ್ಜಿ ಹಾಕಲೇಬೇಕು. ದೂರು ಮಾತ್ರ ಕೊಟ್ಟರೆ, ಮಾಲೀಕರು 'ಎಲ್ಲ ಕೊಟ್ಟಿದ್ದೇವೆ' ಎಂದು ಉತ್ತರ ಬರೆದು, ಅದೇ ಉತ್ತರ ಹಿಂಬರಹವಾಗಿ ನಿಮ್ಮ ಕೈ ಸೇರಿ, ಕಡತ ಮುಚ್ಚುವುದುಂಟು.

ದೂರಿಗೆ ಕಾರ್ಮಿಕ ಸಹಾಯವಾಣಿ 155214 ಇದೆ, ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿ ಇದೆ. ಅದೇ ಕಚೇರಿಯಲ್ಲಿ 'ನಮ್ಮ ಜಿಲ್ಲೆಗೆ ವೇತನ ಕ್ಲೇಮು ಪ್ರಾಧಿಕಾರ ಯಾರು' ಎಂದು ಪದನಾಮ ಕೇಳಿ ಬರೆದುಕೊಳ್ಳಿ. ಅರ್ಜಿಯನ್ನು ಕೆಲಸಗಾರರು, ಅವರು ಸದಸ್ಯರಾಗಿರುವ ಕಾರ್ಮಿಕ ಸಂಘ, ಅಥವಾ ನಿರೀಕ್ಷಕರು ಹಾಕಬಹುದು. ಒಂದೇ ಕಡೆ ದುಡಿಯುವ ಎಷ್ಟು ಜನ ಬೇಕಾದರೂ ಸೇರಿ ಒಂದೇ ಅರ್ಜಿ ಹಾಕಬಹುದು. ಹಾಗೇ ಹಾಕಿ. ಒಬ್ಬರನ್ನು ಕೆಲಸದಿಂದ ತೆಗೆಯುವುದು ಸುಲಭ, ಹದಿನೈದು ಜನರನ್ನು ಒಂದೇ ದಿನ ತೆಗೆದರೆ ಮಾರನೇ ದಿನ ಕಸ ಅಲ್ಲೇ ಬಿದ್ದಿರುತ್ತದೆ.

ಎದುರುದಾರರ ಸ್ಥಾನದಲ್ಲಿ ಗುತ್ತಿಗೆದಾರರನ್ನು ಮಾತ್ರ ಬರೆದು ನಿಲ್ಲಿಸಬೇಡಿ. ಕೆಲಸ ಮಾಡಿಸಿಕೊಂಡ ಕಾರ್ಖಾನೆ, ಆಸ್ಪತ್ರೆ ಅಥವಾ ಕಚೇರಿಯನ್ನು ಮೂಲ ಮಾಲೀಕರೆಂದು ಎರಡನೆಯವರಾಗಿ ಸೇರಿಸಿ. ಗುತ್ತಿಗೆದಾರ ಅಂಗಡಿ ಮುಚ್ಚಿ ಬೇರೆ ಹೆಸರಿನಲ್ಲಿ ತೆರೆಯಬಹುದು, ಕಟ್ಟಡ ಅಲ್ಲೇ ಇರುತ್ತದೆ. ಅರ್ಜಿಯ ತಿರುಳು ಇಷ್ಟು ಸಾಕು:

'ನಾನು ___ ರಿಂದ ___ ರವರೆಗೆ 2ನೇ ಎದುರುದಾರರ ಸ್ಥಳದಲ್ಲಿ, 1ನೇ ಎದುರುದಾರರ ಮೂಲಕ, ___ ಕೆಲಸ ಮಾಡಿದ್ದೇನೆ. ನಿಗದಿತ ದರ ದಿನಕ್ಕೆ ರೂ. ___. ನನಗೆ ಕೊಟ್ಟಿದ್ದು ರೂ. ___. ಲಗತ್ತಿಸಿದ ತಿಂಗಳುವಾರು ಪಟ್ಟಿಯಂತೆ ವೇತನದ ವ್ಯತ್ಯಾಸ ರೂ. ___, ಓಟಿ ಬಾಕಿ ರೂ. ___, ವಾರದ ರಜೆಯ ಕೆಲಸದ ಬಾಕಿ ರೂ. ___, ಅಕ್ರಮ ಕಡಿತ ರೂ. ___. ಇವುಗಳನ್ನೂ, ಇವುಗಳ ಹತ್ತು ಪಟ್ಟಿನವರೆಗಿನ ಪರಿಹಾರವನ್ನೂ ಕೊಡಿಸಬೇಕೆಂದು ಕೋರುತ್ತೇನೆ.'

ಹತ್ತು ಪಟ್ಟು ಎಂಬುದು ಮೇಲ್ಮಿತಿ, ಅಷ್ಟೂ ಸಿಗುತ್ತದೆ ಎಂದು ಕೆಲಸಗಾರರಿಗೆ ಆಸೆ ಹುಟ್ಟಿಸಬೇಡಿ. ಆದರೆ ಕೋರಿಕೆಯಲ್ಲಿ ಅದು ಇರಬೇಕು. ತಿಂಗಳುವಾರು ಪಟ್ಟಿಗೆ ಏಳು ಕಾಲಂ ಹಾಕಿ: ತಿಂಗಳು, ದುಡಿದ ದಿನ, ಓಟಿ ಗಂಟೆ, ದರ, ಬರಬೇಕಾದದ್ದು, ಬಂದದ್ದು, ವ್ಯತ್ಯಾಸ. ಮೂರು ಪ್ರತಿ ಮಾಡಿ, ಒಂದಕ್ಕೆ ಮುದ್ರೆ, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೇ ಕಚೇರಿಯಿಂದ ಹೊರಬನ್ನಿ.

ವಿಚಾರಣೆ ಮತ್ತು ವಸೂಲಿ

ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಾಧಿಕಾರ ಪ್ರಯತ್ನಿಸಬೇಕು ಎಂದು ಸಂಹಿತೆ ಹೇಳುತ್ತದೆ. ವಿಚಾರಣೆಯ ದಿನಗಳು ಮುಂದಕ್ಕೆ ಹೋಗುವುದು ಮಾತ್ರ ಇದ್ದದ್ದೇ, ಮತ್ತು ಪ್ರತಿ ವಿಚಾರಣೆಯೂ ಕೆಲಸಗಾರರಿಗೆ ಒಂದು ದಿನದ ಕೂಲಿ ನಷ್ಟ. ಗುಂಪಿನ ಅರ್ಜಿಯಾದರೆ ಸರದಿಯಲ್ಲಿ ಇಬ್ಬರು ಹೋಗಲಿ. ಯಾರೂ ಹೋಗದ ದಿನ ಅರ್ಜಿ ವಜಾ ಆಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರ ನೆರವು ಹಕ್ಕಿನಂತೆ ಸಿಗುತ್ತದೆ. ಜಿಲ್ಲಾ ಕೋರ್ಟಿನಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

'ಕಡಿಮೆ ಸಂಬಳಕ್ಕೆ ಒಪ್ಪಿಯೇ ಸೇರಿದ್ದರು' ಎಂದು ಸಹಿ ಮಾಡಿದ ಒಪ್ಪಂದ ತೋರಿಸಿದರೆ ಹೆದರಬೇಡಿ. ಕನಿಷ್ಠ ವೇತನದ ಹಕ್ಕು ಬಿಟ್ಟುಕೊಡುವ ಒಪ್ಪಂದ ಅನೂರ್ಜಿತ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ, ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣದಲ್ಲಿ ಹೇಳಿದೆ. ಹಸಿವು ಒಪ್ಪಿಸಿದ್ದನ್ನು ಒಪ್ಪಿಗೆ ಎನ್ನಲಾಗದು.

ರಾಜಿಗೆ ಬಂದರೆ ಕೇಳಿಸಿಕೊಳ್ಳಿ, ಎಷ್ಟೋ ಸಲ ಅದೇ ಒಳ್ಳೆಯದು. ಆದರೆ ಹಣ ಖಾತೆಗೆ ಬಂದ ಮೇಲೆ ಸಹಿ, ಅದೂ ಅಧಿಕಾರಿಯ ಮುಂದೆ. ಖಾಲಿ ಹಾಳೆಗೆ, ಹಳೆ ದಿನಾಂಕದ ರಾಜೀನಾಮೆಗೆ, ವೋಚರ್ ಪುಸ್ತಕಕ್ಕೆ ಸಹಿ ಬೇಡ. ಕೆಲಸದಿಂದ ತೆಗೆದರೆ ಅಥವಾ ಬಿಟ್ಟರೆ ಎರಡು ಕೆಲಸದ ದಿನದೊಳಗೆ ಲೆಕ್ಕ ಚುಕ್ತಾ ಆಗಬೇಕು, ಆ ಬಾಕಿಯನ್ನೂ ಇದೇ ಅರ್ಜಿಗೆ ಸೇರಿಸಬಹುದು. ಆದೇಶ ಬಂದ ಮೇಲೂ ಹಣ ಕೊಡದಿದ್ದರೆ ಪ್ರಾಧಿಕಾರ ವಸೂಲಿ ಪ್ರಮಾಣಪತ್ರವನ್ನು ಜಿಲ್ಲಾಧಿಕಾರಿಗೆ ಕಳಿಸುತ್ತದೆ, ಅಲ್ಲಿ ಭೂಕಂದಾಯದ ಬಾಕಿಯಂತೆ ವಸೂಲಾಗುತ್ತದೆ. ಆ ಕಡತ ತಾನಾಗಿ ತಹಶೀಲ್ದಾರರ ಕಚೇರಿಗೆ ನಡೆದುಹೋಗುವುದಿಲ್ಲ. ಪತ್ರದ ಸಂಖ್ಯೆ ಹಿಡಿದು ಎರಡು ವಾರಕ್ಕೊಮ್ಮೆ ವಿಚಾರಿಸುವವರು ಬೇಕು. ನೆರವಿಗೆ ಬಂದವರು ಕೈಬಿಡುವುದು ಹೆಚ್ಚಾಗಿ ಈ ಹಂತದಲ್ಲೇ.

ಕೆಲಸ ಕೊಡುವ ಕಡೆ ನೀವಿದ್ದರೆ

ಅಪಾರ್ಟ್‌ಮೆಂಟ್ ಸಂಘ, ಶಾಲೆಯ ಆಡಳಿತ ಮಂಡಳಿ, ಸಣ್ಣ ಕಚೇರಿಯವರು ಒಂದು ಬಿಲ್ಲು ಸರಿಯಾಗಿ ಓದಿದರೆ ಹತ್ತು ಕುಟುಂಬಗಳು ದೂರು ಕೊಡುವ ಅಗತ್ಯವೇ ಬೀಳುವುದಿಲ್ಲ. ಮೇಲಿನ 15,600ರ ಲೆಕ್ಕದಲ್ಲೇ ನೋಡಿ, ಎಂಟು ಗಂಟೆಯ ಒಬ್ಬರಿಗೆ: 15,000 ಮಿತಿಯ ಮೇಲೆ ಮಾಲೀಕರ ಪಿಎಫ್ ಮತ್ತು ಆಡಳಿತ ಶುಲ್ಕ ಸೇರಿ 13 ಶೇಕಡ, 1,950. ಇಎಸ್‌ಐ 3.25 ಶೇಕಡ, 507. ಬೋನಸ್ 8.33 ಶೇಕಡ, ಸುಮಾರು 1,300. ಒಟ್ಟು 19,357. ಬದಲಿ ಸಿಬ್ಬಂದಿ, ಏಜೆನ್ಸಿಯ ಶುಲ್ಕ, 18 ಶೇಕಡ ಜಿಎಸ್‌ಟಿ ಇದರ ಮೇಲೆ. ಯಾವುದೋ ಏಜೆನ್ಸಿ ಹನ್ನೆರಡು ಗಂಟೆಯ ಗಾರ್ಡ್‌ನನ್ನು ಇದಕ್ಕಿಂತ ಕಡಿಮೆಗೆ ಕೊಡುತ್ತೇನೆ ಎಂದರೆ ಆ ಅಗ್ಗದ ವ್ಯತ್ಯಾಸ ಗಾರ್ಡ್‌ನ ಮನೆಯ ಅಕ್ಕಿಯಿಂದ ಬರುತ್ತಿದೆ. ಗೇಟಿಗೆ ದಿನದ 24 ಗಂಟೆಯೂ ಒಬ್ಬರು ಬೇಕಿದ್ದರೆ ವಾರಕ್ಕೆ 168 ಗಂಟೆ. 48 ಗಂಟೆಯ ವಾರದ ಲೆಕ್ಕದಲ್ಲಿ ಮೂರೂವರೆ ಜನ ಬೇಕು. ಇಬ್ಬರಲ್ಲಿ ಮುಗಿಸುವ ಕೊಟೇಶನ್‌ಗೆ ಒಪ್ಪಬೇಡಿ.

ಮನೆಗೆಲಸದವರಿಗೆ ಕರ್ನಾಟಕ 2004ರಲ್ಲೇ ಕನಿಷ್ಠ ವೇತನ ನಿಗದಿ ಮಾಡಿತ್ತು. ಐವರವರೆಗೆ ಮನೆಗೆಲಸಕ್ಕೆ ಇಟ್ಟುಕೊಂಡವರಿಗೆ ರಿಜಿಸ್ಟರ್, ಪೇ ಸ್ಲಿಪ್ ಕಡ್ಡಾಯವಲ್ಲ, ಆದರೆ ಕೇಳಿದಾಗ ವೇತನ ಕೊಟ್ಟ ಪುರಾವೆ ತೋರಿಸಬೇಕು. ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಅವರದೇ ಖಾತೆಗೆ ಹಾಕಿ, ಏಪ್ರಿಲ್ ಬಂದಾಗ ಹೊಸ ತುಟ್ಟಿಭತ್ಯೆಯ ಆದೇಶ ನೋಡಿ ಮೊತ್ತ ಬದಲಿಸಿ. ಏಜೆನ್ಸಿಯ ಮೂಲಕವಾದರೆ ಪ್ರತಿ ತಿಂಗಳ ಬಿಲ್ಲಿನ ಜೊತೆ ಹಿಂದಿನ ತಿಂಗಳ ಬಟವಾಡೆಯ ಬ್ಯಾಂಕ್ ವಿವರ ಮತ್ತು ಹೆಸರುವಾರು ಪಿಎಫ್, ಇಎಸ್‌ಐ ಚಲನ್ ಇರಬೇಕೆಂದು ಕರಾರಿನಲ್ಲೇ ಬರೆಸಿ. ಅವು ಬರುವವರೆಗೆ ಬಿಲ್ಲಿಗೆ ಸಹಿ ಹಾಕಬೇಡಿ.